ವರನಿಲ್ಲದ ದಿಬ್ಬಣ

ಗಿಟಾರ್ ಹಿಡಿದವರಲ್ಲಿ ಎರಡು ಪಂಗಡ. ನುಡಿಸುವವರು ಒಂದು, ನುಡಿಸುವುದಕ್ಕೆ ಬೇಕಾದ್ದನ್ನೆಲ್ಲ ಹೊಂದಿಸಿಕೊಳ್ಳುವವರು ಇನ್ನೊಂದು. ಸುಖವಾಗಿರುವವರು ಎರಡನೆಯವರೇ. ಮೊದಲನೆಯವರಿಗೆ ಬೆರಳು ಉರಿಯುತ್ತದೆ, ಅಪಸ್ವರ ತಮಗೇ ಕೇಳಿಸುತ್ತದೆ, ಪಕ್ಕದ ಮನೆಯವರು ಗೋಡೆ ಕುಟ್ಟುತ್ತಾರೆ. ಎರಡನೆಯವರಿಗೆ ಇದ್ಯಾವ ಬಾಧೆಯೂ ಇಲ್ಲ. ತಂತಿ ಹಳೆಯದಾಯಿತು, ಕೇಬಲ್ ಕರಕರ ಅನ್ನುತ್ತಿದೆ, ಮನಸ್ಸಿಗೊಪ್ಪುವ ಬ್ಯಾಕಿಂಗ್ ಟ್ರ್ಯಾಕ್ ಇನ್ನೂ ಸಿಕ್ಕಿಲ್ಲ. ಇಷ್ಟು ನೆಪ ಕೈಯಲ್ಲಿದ್ದರೆ ವರ್ಷಗಟ್ಟಲೆ ಒಂದು ಸ್ವರವನ್ನೂ ನುಡಿಸದೆ ಗಿಟಾರ್ ವಾದಕ ಅನ್ನಿಸಿಕೊಳ್ಳಬಹುದು.

ನಮ್ಮ ಭಾವ ಈ ಎರಡನೆಯ ಪಂಗಡದ ಪೀಠಾಧಿಪತಿಗಳು. ಹುಟ್ಟಿದ್ದು ಮೈಸೂರಿನಲ್ಲಿ, ಅನ್ನ ಹುಟ್ಟುತ್ತಿರುವುದು ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ. ಅಲ್ಲಿಗೆ ಹೋದ ಕನ್ನಡಿಗರಿಗೆ ಸಾಮಾನ್ಯವಾಗಿ ಹಿಡಿಯುವ ಹುಚ್ಚುಗಳು ಗೊತ್ತೇ ಇವೆ: ಮನೆ ಕೊಳ್ಳುವುದು, ಹಿತ್ತಿಲಲ್ಲಿ ಕರಿಬೇವು ಬೆಳೆಸಲು ಒದ್ದಾಡುವುದು, ಕನ್ನಡ ಕೂಟದ ಚುನಾವಣೆಗೆ ನಿಲ್ಲುವುದು. ಭಾವನವರಿಗೆ ಹಿಡಿದದ್ದು ಸರ್ಫ್ ಗಿಟಾರ್, ಅಂದರೆ ಕಡಲ ಅಲೆಯ ಮೇಲೆ ಹಲಗೆಯಲ್ಲಿ ಜಾರುವವರ ನಡುವೆ ಹುಟ್ಟಿದ ಗಿಟಾರ್ ಸಂಗೀತ.

ಅವರನ್ನು ದೂರುವಂತಿಲ್ಲ, ಆ ಸೀಮೆಯ ಗಾಳಿಯೇ ಅಂಥದ್ದು. ಮನೆಯಿಂದ ಕಾರು ಹತ್ತಿದರೆ ಅರ್ಧ ಗಂಟೆಯೊಳಗೆ ಬಾಲ್ಬೋವಾ ಕಡಲ ದಂಡೆ. 1961ರಲ್ಲಿ ಅಲ್ಲಿನ ರಾಂಡೆವೂ ಬಾಲ್‌ರೂಮ್ ಎಂಬ ದೊಡ್ಡ ನೃತ್ಯಶಾಲೆಯಲ್ಲಿ ಡಿಕ್ ಡೇಲ್ ಎಂಬ ಎಡಚ ತರುಣ, ಬಲಗೈಯವರಿಗೆ ಕಟ್ಟಿದ ತಂತಿಗಳನ್ನು ಬದಲಿಸುವ ಗೋಜಿಗೂ ಹೋಗದೆ ಗಿಟಾರನ್ನು ತಲೆಕೆಳಗು ಹಿಡಿದು, ಹಗಲೆಲ್ಲ ಅಲೆಯ ಮೇಲೆ ಜಾರಿ ಬಂದ ಹುಡುಗ ಹುಡುಗಿಯರನ್ನು ರಾತ್ರಿ ನೆಲ ನಡುಗುವಂತೆ ಕುಣಿಸಿದ. ಪಕ್ಕದ ಫುಲರ್ಟನ್‌ನಲ್ಲಿ ಕಾರ್ಖಾನೆ ಇಟ್ಟಿದ್ದ ಲಿಯೊ ಫೆಂಡರ್ ಅವನಿಗೆ ಆಂಪ್ಲಿಫೈಯರ್ ಕೊಟ್ಟ, ಇವನು ಸುಟ್ಟುಹಾಕಿದ. ಅವನು ಇನ್ನೂ ಗಟ್ಟಿಯಾದದ್ದು ಕೊಟ್ಟ. ಇವನು ಅದನ್ನೂ ಸುಟ್ಟ. ಹೀಗೆ ಇಬ್ಬರೂ ಹಠಕ್ಕೆ ಬಿದ್ದು ಗಿಟಾರಿನ ಗಂಟಲು ದೊಡ್ಡದು ಮಾಡಿದರು. ನೃತ್ಯಶಾಲೆ 1966ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದನ್ನು ಮಾತ್ರ ಡೇಲ್ ಸುಟ್ಟದ್ದಲ್ಲ.

ಸರ್ಫ್ ಗಿಟಾರ್ ನಮಗೆ ಗೊತ್ತೇ ಇಲ್ಲ ಅನ್ನಬೇಡಿ. 1994ರ ‘ಪಲ್ಪ್ ಫಿಕ್ಷನ್’ ಚಿತ್ರದ ಶೀರ್ಷಿಕೆ ಬರುವಾಗ ತಂತಿಯೊಂದು ಮೇಲಿಂದ ಕೆಳಕ್ಕೆ ಗಡಗಡನೆ ಉರುಳಿ ಬರುತ್ತದಲ್ಲ, ಅದೇ ಡೇಲ್‌ನ ‘ಮಿಸರ್ಲೂ’. ಬ್ಲ್ಯಾಕ್ ಐಡ್ ಪೀಸ್ ತಂಡ ಅದನ್ನೇ ಎತ್ತಿಕೊಂಡು ‘ಪಂಪ್ ಇಟ್’ ಮಾಡಿತು. ನಮ್ಮ ಕಾಲೇಜು ಹುಡುಗರು ವಾರ್ಷಿಕೋತ್ಸವದಲ್ಲಿ ಅದಕ್ಕೆ ಕುಣಿದೂ ಆಯಿತು.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಿಬಿಡಬೇಕು: ಭಾವನವರಿಗೆ ಈಜು ಬರುವುದಿಲ್ಲ. ನಾನು ಕೆಣಕಿದರೆ ಅವರ ಬಳಿ ಉತ್ತರ ಸಿದ್ಧವಿದೆ. “ಬೀಚ್ ಬಾಯ್ಸ್ ತಂಡದಲ್ಲಿ ಸರ್ಫಿಂಗ್ ಬರ್ತಿದ್ದದ್ದು ಡೆನಿಸ್ ವಿಲ್ಸನ್ ಒಬ್ಬನಿಗೇ ಕಣಯ್ಯ. ಅಸ್ಟ್ರೋನಾಟ್ಸ್ ತಂಡದವರದು ಕೊಲರಾಡೋ, ಬರೀ ಬೆಟ್ಟ. ಟ್ರ್ಯಾಶ್‌ಮೆನ್ ಮಿನಿಯಾಪೊಲಿಸ್‌ನವರು, ಅಲ್ಲಿ ಚಳಿಗಾಲಕ್ಕೆ ಕೆರೆನೇ ಹೆಪ್ಪುಗಟ್ಟತ್ತೆ. ಅವರೆಲ್ಲ ನುಡಿಸಬಹುದು, ಮೈಸೂರಿನವನು ನುಡಿಸಬಾರದಾ?” ನುಡಿಸಬಹುದು ಭಾವ, ಖಂಡಿತ ನುಡಿಸಬಹುದು. ಯಾವಾಗ ಅನ್ನುವುದಷ್ಟೇ ನನ್ನ ಪ್ರಶ್ನೆ.

ಯಾಕೆಂದರೆ ಬ್ಯಾಕಿಂಗ್ ಟ್ರ್ಯಾಕ್ ಸಿಗಬೇಕು. ಅದೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆರತಕ್ಷತೆಯಲ್ಲಿ ಕರೋಕೆ ಹಾಕಿಕೊಂಡು ಮೈಕು ಬಿಡದೆ ಹಾಡುವ ಸೋದರಮಾವ ಪ್ರತಿ ಮನೆತನದಲ್ಲೂ ಒಬ್ಬರಿದ್ದಾರೆ. ಅಲ್ಲಿ ಖಾಲಿ ಬಿಟ್ಟಿರುವುದು ಹಾಡುವವನ ಜಾಗ, ಇಲ್ಲಿ ಹಾಡಿನ ಧಾಟಿ ನುಡಿಸುವ ಲೀಡ್ ಗಿಟಾರಿನ ಜಾಗ. ವರನಿಲ್ಲದ ದಿಬ್ಬಣ ಅನ್ನಿ. ಡೋಲು ಹೊರಟಿದೆ, ವಾಲಗ ಹೊರಟಿದೆ, ಬೀಗರು ಹೊರಟಿದ್ದಾರೆ. ನಡುವೆ ಒಂದು ಜಾಗ ಖಾಲಿ. ಅಲ್ಲಿಗೆ ಪೇಟ ಸುತ್ತಿಕೊಂಡು ನುಗ್ಗುವ ಉಮೇದು ಯಾರಿಗಿಲ್ಲ? ಒಂದೇ ತೊಡಕು, ಈ ದಿಬ್ಬಣ ಯಾರಿಗೂ ಕಾಯುವುದಿಲ್ಲ. ನೀವು ದಾರಿಯಲ್ಲಿ ಎಡವಿ ಬಿದ್ದರೂ ಅದು ನೆಟ್ಟಗೆ ಛತ್ರ ಸೇರಿಬಿಡುತ್ತದೆ.

ಈ ಉಪಾಯ ಹೊಸದೇನಲ್ಲ. 1950ರಲ್ಲೇ ನ್ಯೂಯಾರ್ಕಿನಲ್ಲಿ ಮ್ಯೂಸಿಕ್ ಮೈನಸ್ ಒನ್ ಎಂಬ ಕಂಪನಿ, ಶಾಸ್ತ್ರೀಯ ಕೃತಿಗಳಲ್ಲಿ ಒಂದು ವಾದ್ಯ ಬಿಟ್ಟು ರೆಕಾರ್ಡ್ ಮಾರಲು ಶುರುಮಾಡಿತು. ಗಿಟಾರಿನವರಿಗೆ ಆ ಪುಣ್ಯ ಕಟ್ಟಿಕೊಟ್ಟದ್ದು ವೆಂಚರ್ಸ್ ತಂಡ. ವಾಷಿಂಗ್ಟನ್ ರಾಜ್ಯದ ಟಕೋಮಾದ ಈ ತಂಡ 1965ರಲ್ಲಿ ‘ಪ್ಲೇ ಗಿಟಾರ್ ವಿತ್ ದಿ ವೆಂಚರ್ಸ್’ ಎಂಬ ಎಲ್‌ಪಿ ತಂದಿತು. ಮೊದಲು ಪಾಠ, ಆಮೇಲೆ ಕಲಿಯುವವನ ಭಾಗ ಬಿಟ್ಟು ಮಿಕ್ಕದ್ದನ್ನು ತಂಡವೇ ನುಡಿಸುತ್ತದೆ. ಮನೆಯ ಮೂಲೆಯಲ್ಲಿ ಕೂತ ಹುಡುಗ ಅಷ್ಟು ಹೊತ್ತು ವೆಂಚರ್ಸ್ ತಂಡದ ಸದಸ್ಯ. ಪಾಠ ಹೇಳುವ ರೆಕಾರ್ಡೊಂದು ಬಿಲ್‌ಬೋರ್ಡ್ ಪಟ್ಟಿ ಹತ್ತಿದ್ದು ಅದೇ ಮೊದಲು. ಪರೀಕ್ಷೆಯಿಲ್ಲದ ಪಾಠಕ್ಕೆ ಜನ ದುಡ್ಡು ಕೊಟ್ಟದ್ದೂ ಬಹುಶಃ ಅದೇ ಮೊದಲು.

ಹಿಮ್ಮೇಳದವರ ಮಾತು ಬಂದದ್ದಕ್ಕೆ ಇದೊಂದು. ಇದೇ ತಂಡದ 1960ರ ‘ವಾಕ್ ಡೋಂಟ್ ರನ್’ಗೆ ಡ್ರಮ್ ಬಾರಿಸಿದ ಸ್ಕಿಪ್ ಮೂರ್, ರಾಯಲ್ಟಿ ಗೀಯಲ್ಟಿ ಬೇಡ, 25 ಡಾಲರ್ ಕೈಗೆ ಕೊಟ್ಟುಬಿಡಿ ಅಂದನಂತೆ. ಹಾಡು ಅಮೆರಿಕದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ನಮ್ಮ ಭಾವನವರು ಒಂದು ಒಳ್ಳೆಯ ಡ್ರಮ್ ಟ್ರ್ಯಾಕಿಗಾಗಿ ಇದುವರೆಗೆ ಸುರಿದಿರುವ ದುಡ್ಡು ಆ 25 ಡಾಲರನ್ನು ಎಂದೋ ದಾಟಿದೆ.

ಹುಡುಕುವುದೆಂದರೆ ಭಾವನವರಿಗೆ ಅದೊಂದು ಪೂರ್ಣಾವಧಿ ವ್ಯವಸಾಯ. ಯೂಟ್ಯೂಬಿನಲ್ಲಿ ‘ಎ ಮೈನರ್ ಸರ್ಫ್ ಜಾಮ್’ ಅಂತ ಸಿಗುವುದೆಲ್ಲ ಅವರಿಗೆ ಬಾಯಿಪಾಠ. ಇವುಗಳಲ್ಲಿ ಮುಕ್ಕಾಲು ಪಾಲಿನ ಜಾತಕ ಒಂದೇ: ಎ ಮೈನರ್, ಜಿ, ಎಫ್, ಇ, ಮತ್ತೆ ಎ ಮೈನರ್. ಸ್ಪೇನಿನ ಫ್ಲಮೆಂಕೊದವರು ಬಳಸುವ ಇಳಿಜಾರು ಇದು. ‘ವಾಕ್ ಡೋಂಟ್ ರನ್’ ಶುರುವಾಗುವುದೂ ಇದರಿಂದಲೇ. ಎಂಟು ನಿಮಿಷ ಇದೇ ಇಳಿಜಾರಿನಲ್ಲಿ ಇಳಿದಿಳಿದು ಕೈ ಈಗ ಹದಕ್ಕೆ ಬಂತು ಅನ್ನುವಾಗ ನಡುವೆ ಜಾಹೀರಾತು ಬಂದು ಕಾರಿನ ವಿಮೆ ಮಾಡಿಸಿದ್ದೀರಾ ಅಂತ ಕೇಳುತ್ತದೆ. ಇನ್ನು ಕೆಲವು ಟ್ರ್ಯಾಕುಗಳಲ್ಲಿ ಮಾಡಿದವನಿಗೆ ಲೀಡ್ ಬಿಟ್ಟುಕೊಡಲು ಮನಸ್ಸೇ ಇಲ್ಲ, ನಡುನಡುವೆ ತಾನೇ ಎರಡು ಕೈ ನುಡಿಸಿರುತ್ತಾನೆ. ಮತ್ತೆ ಕೆಲವು ಒಂದು-ಎರಡು-ಮೂರು-ನಾಲ್ಕು ಎಣಿಸದೆ ನೇರ ಶುರುವಾಗುತ್ತವೆ. ಭಾವನವರು ಕೈ ಎತ್ತುವಷ್ಟರಲ್ಲಿ ಮೊದಲ ಸಾಲು ಮುಗಿದಿರುತ್ತದೆ.

‘ವೈಪ್ ಔಟ್’ನ ಟ್ರ್ಯಾಕ್ ಸಿಕ್ಕ ದಿನ ಭಾರೀ ಸಂಭ್ರಮ. ಸರ್ಫಾರಿಸ್ ತಂಡದ ಹುಡುಗರು ಇನ್ನೊಂದು ಹಾಡಿನ ಹಿಂಬದಿ ತುಂಬಿಸಲಿಕ್ಕೆಂದು ಕುಕಮೋಂಗಾದ ಸಣ್ಣ ಸ್ಟುಡಿಯೋದಲ್ಲಿ ನುಡಿಸಿ, 1963ರಲ್ಲಿ ದೇಶವನ್ನೇ ಅಲ್ಲಾಡಿಸಿದ ಹಾಡು. ಅದರ ಜೀವ ಇರುವುದೆಲ್ಲ ರಾನ್ ವಿಲ್ಸನ್‌ನ ಡ್ರಮ್ಮಿನಲ್ಲಿ. ಭಾವನವರು ಗಿಟಾರ್ ಏರಿಸಿಕೊಂಡು ನಿಂತರು, ಟ್ರ್ಯಾಕ್ ಹೊರಟಿತು, ಎಲ್ಲ ಸುಸೂತ್ರ. ಡ್ರಮ್ ತನಿ ಶುರುವಾಯಿತು. ಆಗ ಲೀಡ್ ಗಿಟಾರಿನವನಿಗೆ ಏನು ಕೆಲಸ? ಲ್ಯಾಪ್‌ಟಾಪಿಗೆ ಭಯಭಕ್ತಿಯಿಂದ ಕೈಕಟ್ಟಿ ನಿಂತಿದ್ದ ಗಂಡನನ್ನು ನೋಡಿ ಅಕ್ಕ, “ಏನ್ರೀ ಇದು, ಮಂಗಳಾರತಿ ಆಗ್ತಿದ್ಯಾ?” ಅಂದಳು.

ಸಿದ್ಧ ಟ್ರ್ಯಾಕ್ ಬೇಡ, ಮೂಲ ಹಾಡಿನಿಂದಲೇ ಲೀಡ್ ಕಿತ್ತು ಹಾಕೋಣ ಅನ್ನುವುದು ಮುಂದಿನ ಅಧ್ಯಾಯ. ಹಿಂದಿನವರಿಗೆ ಇದಕ್ಕೆ ಸರಳ ದಾರಿಯಿತ್ತು. ಆ ಕಾಲದ ಹಲವು ಸ್ಟೀರಿಯೋ ರೆಕಾರ್ಡುಗಳಲ್ಲಿ ಒಂದು ವಾದ್ಯ ಪೂರಾ ಎಡಕ್ಕೆ, ಇನ್ನೊಂದು ಪೂರಾ ಬಲಕ್ಕೆ. ಬ್ಯಾಲೆನ್ಸ್ ತಿರುಪು ಒಂದು ಕಡೆಗೆ ತಿರುಗಿಸಿದರೆ ಲೀಡ್ ಮಾಯ. ಭಾವನವರಿಗೆ ಇಷ್ಟು ಸುಲಭದ ಕೆಲಸ ರುಚಿಸುತ್ತದೆಯೇ? ಹಾಡನ್ನು ವಾದ್ಯವಾದ್ಯವಾಗಿ ಬಿಡಿಸಿಕೊಡುವ ಕೃತಕ ಬುದ್ಧಿಮತ್ತೆಯ ಆಪ್‌ಗೆ ಚಂದಾ ಕಟ್ಟಿದರು. 2019ರಲ್ಲಿ ಡೀಜರ್ ಕಂಪನಿ ‘ಸ್ಪ್ಲೀಟರ್’ ಎಂಬ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟ ಮೇಲೆ ಇಂಥವು ತುಂಬಾ ಹುಟ್ಟಿಕೊಂಡಿವೆ. ಅವುಗಳ ಹಳೆಯ ಕ್ರಮ ಹೀಗೆ: ಗಾಯನ ಒಂದು, ಡ್ರಮ್ ಒಂದು, ಬೇಸ್ ಒಂದು, ಮಿಕ್ಕಿದ್ದೆಲ್ಲ ‘ಇತರೆ’. ಸರ್ಫ್ ವಾದ್ಯಸಂಗೀತದಲ್ಲಿ ಗಾಯನವೇ ಇಲ್ಲ. ಗಿಟಾರುಗಳೆಲ್ಲ ಒಟ್ಟಿಗೆ ‘ಇತರೆ’ಯಲ್ಲಿ, ಲೀಡ್ ತೆಗೆಯಲು ಹೋದರೆ ಹಿಂದೆ ಕಾರ್ಡ್ ಹಿಡಿಯುವ ರಿದಂ ಗಿಟಾರೂ ಜೊತೆಗೇ ಹೊರಟುಹೋಗುತ್ತದೆ. ‘ವೈಪ್ ಔಟ್’ ಕೊಟ್ಟಾಗ ಆಪ್ ಬಹಳ ಹೊತ್ತು ಯೋಚಿಸಿ, ಹಾಡಿನ ಆರಂಭದಲ್ಲಿರುವ ಆ ಹುಚ್ಚು ನಗೆಯನ್ನು ಮಾತ್ರ ಅಚ್ಚುಕಟ್ಟಾಗಿ ಬೇರ್ಪಡಿಸಿ ‘ಗಾಯನ’ ಅಂತ ಒಪ್ಪಿಸಿತು.

ಹೊಸ ಆಪ್‌ಗಳು ಗಿಟಾರನ್ನೂ ಬೇರೆ ಮಾಡುತ್ತವೆ, ನಿಜ. ಆದರೆ ಸರ್ಫ್ ಗಿಟಾರಿನ ಹಠ ಬೇರೆ. ದನಿಗೆ ಅನುರಣನ ಸೇರಿಸಲೆಂದು ಫೆಂಡರ್ 1961ರಲ್ಲಿ ತಂದ ರಿವರ್ಬ್ ಪೆಟ್ಟಿಗೆಯೊಳಗೆ ಸ್ಪ್ರಿಂಗುಗಳಿವೆ. ಹ್ಯಾಮಂಡ್ ಆರ್ಗನ್ನಿನಿಂದ ಬಂದ ಉಪಾಯ ಅದು. ಗಿಟಾರಿನ ದನಿ ಆ ಸ್ಪ್ರಿಂಗುಗಳಲ್ಲಿ ಓಡಾಡಿ ಒದ್ದೆಯಾಗಿ ಹೊರಬರುತ್ತದೆ. ಆಪ್ ಸ್ವರವನ್ನೇನೋ ತೆಗೆಯುತ್ತದೆ, ಆ ಒದ್ದೆ ಹಾಗೇ ಉಳಿಯುತ್ತದೆ. ಟ್ರ್ಯಾಕ್ ಹಾಕಿದರೆ ಆಳು ಕಾಣದೆ ಬರೀ ಉಸಿರಾಟ ಕೇಳುತ್ತದೆ. ರಾತ್ರಿ ಹೊತ್ತು ಒಬ್ಬರೇ ಇರುವ ಮನೆಯಲ್ಲಿ ಹಾಕಬೇಡಿ. ನಡುವೆ ಒಂದು ಕುಹಕ: ರಿವರ್ಬ್ ಇಲ್ಲದ್ದು ಸರ್ಫೇ ಅಲ್ಲ ಅಂತ ಭಾವನವರು ಗಂಟಲು ಹರಿದುಕೊಳ್ಳುತ್ತಾರಲ್ಲ, ಸರ್ಫ್ ವಾದ್ಯಸಂಗೀತದ ಆದಿಯಲ್ಲಿ ಹೆಸರು ಹೇಳುವ ಡೇಲ್‌ನ ‘ಲೆಟ್ಸ್ ಗೋ ಟ್ರಿಪ್ಪಿನ್’ನಲ್ಲಿ ರಿವರ್ಬ್ ಇಲ್ಲ. ಇದನ್ನು ಹೇಳಿದ ಮೇಲೆ ಎರಡು ವಾರ ಅವರು ನನಗೆ ಫೋನ್ ಮಾಡಲಿಲ್ಲ.

ಅಷ್ಟೆಲ್ಲ ಕತ್ತರಿ ಆಡಿಸುವ ಮೊದಲು ಚಾಂಟೇಸ್ ತಂಡದ ‘ಪೈಪ್‌ಲೈನ್’ ಕಿವಿಗೊಟ್ಟು ಕೇಳಬೇಕಿತ್ತು. ಅದರಲ್ಲಿ ಬೇಸ್, ರಿದಂ ಗಿಟಾರ್, ಎಲೆಕ್ಟ್ರಿಕ್ ಪಿಯಾನೊ ಮುಂದೆ ನಿಂತಿವೆ; ಲೀಡ್ ಗಿಟಾರ್, ಡ್ರಮ್ ಹಿಂದೆ ಎಲ್ಲೋ ಹುದುಗಿವೆ. ಅರ್ಧ ಬ್ಯಾಕಿಂಗ್ ಟ್ರ್ಯಾಕ್ ಮಾಡಿಯೇ ಮಾರಿದ ಹಾಡು ಅದು. ಅದರ ಮೇಲೆ ನುಡಿಸಿದರೆ ಯಾರ ಅಪ್ಪಣೆಯೂ ಬೇಡ, ಯಾವ ಆಪೂ ಬೇಡ.

ಈ ಹುಡುಕಾಟಕ್ಕೆ ತಡೆ ಬಿದ್ದದ್ದು ಮನೆಯೊಳಗಿಂದಲೇ. ಅಕ್ಕನ ಮಗಳು ಭಾನುವಾರ ಬೆಳಿಗ್ಗೆ ವಿಡಿಯೋದಲ್ಲಿ ಮೈಸೂರಿನ ಟೀಚರ್ ಹತ್ತಿರ ಸಂಗೀತ ಪಾಠ ಹೇಳಿಸಿಕೊಳ್ಳುತ್ತಾಳೆ. ಅವಳು ಒಂದು ಕೋಣೆಯಲ್ಲಿ, ‘ಮಿಸರ್ಲೂ’ ಇನ್ನೊಂದರಲ್ಲಿ. ಒಂದು ದಿನ ಅವಳು ಬಾಗಿಲಿಗೆ ಬಂದು ನಿಂತು, “ಅಪ್ಪ, ಸರಳೆ ವರಸೆ ಯಾಕೆ ಇಷ್ಟು ತಪ್ಪುತಪ್ಪಾಗಿ ನುಡಿಸ್ತಿದ್ದೀಯ?” ಅಂದಳು.

ಮಗು ಹೇಳಿದ್ದರಲ್ಲಿ ಸುಳ್ಳಿಲ್ಲ. ‘ಮಿಸರ್ಲೂ’ ಮೆಡಿಟರೇನಿಯನ್ನಿನ ಪೂರ್ವದ ದಂಡೆಯ ಹಳೆಯ ಧಾಟಿ. ಡೇಲ್‌ನ ತಂದೆಯ ಕಡೆಯವರು ಲೆಬನಾನಿನವರು, ಊದ್ ಎಂಬ ತಂತಿವಾದ್ಯ ನುಡಿಸುವವರಿದ್ದ ಮನೆತನ. ಆ ಧಾಟಿಯ ಸ್ವರಗಳನ್ನು ಸಾಲಾಗಿ ಜೋಡಿಸಿ ನೋಡಿ: ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಮಾಯಾಮಾಳವಗೌಳವೇ! ಪುರಂದರದಾಸರು ಹಾಕಿಕೊಟ್ಟರೆಂದು ನಮ್ಮವರು ನಂಬಿಕೊಂಡು ಬಂದ ಕ್ರಮದಲ್ಲಿ ಪ್ರತಿ ಮಗುವೂ ಮೊದಲು ಬಾಯಿಬಿಡುವ ರಾಗ. ಮೈಸೂರಿನಲ್ಲಿ ಚಿಕ್ಕಂದಿನಲ್ಲಿ ಬೇಡ ಅಂತ ತಪ್ಪಿಸಿಕೊಂಡು ಓಡಿದ ಪಾಠವನ್ನು ಕಲಿಯಲು ಭಾವನವರು ಪೆಸಿಫಿಕ್ ದಂಡೆಯವರೆಗೆ ಹೋಗಬೇಕಾಯಿತು.

ಆ ಪಾಠದ ಕೋಣೆಯಲ್ಲಿದ್ದ ಹಿಮ್ಮೇಳವಾದರೂ ಏನು? ಫೋನಿನಲ್ಲಿ ಒಂದು ಶ್ರುತಿ, ತೊಡೆಯ ಮೇಲೆ ಆದಿತಾಳ. ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿ ನಮ್ಮ ಸಂಗೀತಗಾರರಿಗೆ ಆಳಿಲ್ಲದ ತಂಬೂರಿ ಒದಗಿಸಿದ್ದರು. ಫೋನಿನೊಳಗಿನ ಶ್ರುತಿ ಅದರ ಮೊಮ್ಮಗು. ‘ಮಿಸರ್ಲೂ’ವಿನ ಮೊದಲ ಭಾಗ ಬಹುಪಾಲು ಇ ಸ್ವರದ ಮೇಲೇ ನಿಂತಿರುವುದರಿಂದ ಇ ಷಡ್ಜದ ಶ್ರುತಿಯೊಂದೇ ಸಾಕು, ಅಭ್ಯಾಸ ನಡೆಯುತ್ತದೆ. ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ, ಅಡಗಲು ಡ್ರಮ್ಮಿನ ಸದ್ದಿಲ್ಲ. ಭಾವನವರಿಗೆ ಹಿಡಿಸದೆ ಹೋದದ್ದು ಇದೇ ಕಾರಣಕ್ಕೆ ಅಂತ ನನ್ನ ಗುಮಾನಿ.

ವೇಗದ ವಿಚಾರದಲ್ಲೂ ಆ ಮಗುವಿನ ಟೀಚರೇ ಸರಿ. ಡೇಲ್‌ನ ‘ಮಿಸರ್ಲೂ’ ನಿಮಿಷಕ್ಕೆ ಸುಮಾರು 170 ತಾಳದ ಓಟ. ಒಂದೊಂದು ತಾಳಕ್ಕೆ ನಾಲ್ಕು ಮೀಟು, ಅಂದರೆ ನಿಮಿಷಕ್ಕೆ 680, ಸೆಕೆಂಡಿಗೆ ಹನ್ನೊಂದು. ಅದೂ ಸಾಮಾನ್ಯಕ್ಕಿಂತ ಬಹಳ ದಪ್ಪನೆಯ ತಂತಿಗಳ ಮೇಲೆ. ಭಾವನವರು ಮೊದಲ ದಿನವೇ 170ರ ಟ್ರ್ಯಾಕಿಗೆ ಕೈಹಾಕುವವರು. ಟೀಚರ್ ತಾಳ ಬದಲಿಸದೆ ಮೊದಲ ಕಾಲ, ಎರಡನೆಯ ಕಾಲ, ಮೂರನೆಯ ಕಾಲ ಅಂತ ಸ್ವರ ಮಾತ್ರ ಇಮ್ಮಡಿಸುತ್ತಾರೆ. ಟ್ರ್ಯಾಕನ್ನು 80ಕ್ಕೆ ಇಳಿಸಿ ತಾಳಕ್ಕೊಂದು, ತಾಳಕ್ಕೆರಡು, ತಾಳಕ್ಕೆ ನಾಲ್ಕು ಮೀಟಿ, ಆಮೇಲೆ ಐದೈದೇ ಏರಿಸಿದರೆ ಮಣಿಕಟ್ಟು ಉಳಿಯುತ್ತದೆ. ಇನ್ನೊಂದು ಮಾತು: ಗಿಟಾರಿನ ದನಿಯನ್ನು ಬ್ಲೂಟೂತ್ ಹೆಡ್‌ಫೋನಿನಲ್ಲಿ ಕೇಳುತ್ತಾ ಅಭ್ಯಾಸ ಮಾಡಬೇಡಿ. ಅದು ನೂರಿನ್ನೂರು ಮಿಲಿಸೆಕೆಂಡ್ ತಡ. 170ರ ಓಟದಲ್ಲಿ ಒಂದು ಮೀಟಿಗೆ ಸಿಗುವುದು 90 ಮಿಲಿಸೆಕೆಂಡ್ ಕೂಡ ಇಲ್ಲ. ಮೀಟಿದ್ದು ಕೇಳಿಸುವಷ್ಟರಲ್ಲಿ ಇನ್ನೊಂದೆರಡು ಮೀಟಿರುತ್ತೀರಿ. ತಂತಿಯ ಹೆಡ್‌ಫೋನ್ ಅಗ್ಗವೂ ಹೌದು.

ಕೊನೆಗೆ ಅಕ್ಕನಿಗೇ ರೋಸಿತು. “ಊರೆಲ್ಲ ಹುಡುಕೋ ಬದಲು ನೀವೇ ಒಂದು ಮಾಡ್ಕೋಬಾರದೇನ್ರೀ?” ಅಂದಳು. ಒಳ್ಳೆಯ ಬುದ್ಧಿ ಹೇಳಿದಳು ಅಂತ ನಾವೆಲ್ಲ ಅಂದುಕೊಂಡೆವು. ಭಾವನವರು ‘ವಾಕ್ ಡೋಂಟ್ ರನ್’ ಎತ್ತಿಕೊಂಡರು.

ಮೊದಲು ಡ್ರಮ್. ಸರ್ಫ್ ತಾಳ ಹೇಳುವಷ್ಟು ಕಷ್ಟದ್ದಲ್ಲ: ಡುಂ ಟಟ ಡುಂ ಟ, ಡುಂ ಟಟ ಡುಂ ಟ. ಕಂಪ್ಯೂಟರಿನಲ್ಲಿ ಚೌಕಗಳಿಗೆ ಚುಕ್ಕಿ ಇಟ್ಟರೆ ಅದೇ ಬಾರಿಸುತ್ತದೆ. ಆದರೆ ಎಲ್ಲ ಪೆಟ್ಟೂ ಒಂದೇ ತೂಕಕ್ಕೆ ಬಿದ್ದರೆ ಹೆಣದ ಮುಂದಿನ ತಮಟೆಗಿರುವ ಜೀವವೂ ಇರುವುದಿಲ್ಲ. ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ತುಸು ಹಗುರ ಮಾಡಬೇಕು, ಅಲ್ಲೊಂದು ಇಲ್ಲೊಂದು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಬೇಸ್ ಗಿಟಾರ್ ಅವರಲ್ಲಿಲ್ಲ. ಮಾಮೂಲಿ ಗಿಟಾರಿನಲ್ಲೇ ನುಡಿಸಿ ಕಂಪ್ಯೂಟರಿನಲ್ಲಿ ಒಂದು ಸ್ಥಾಯಿ ಕೆಳಗಿಳಿಸಿದರು. ಅಂಗೈಯನ್ನು ಬ್ರಿಡ್ಜಿನ ಹತ್ತಿರ ತಂತಿಗೆ ತಾಗಿಸಿ, ಬೆರಳಿನ ಬದಲು ಪಿಕ್ಕಿನಿಂದ ಟಕ್ ಟಕ್ ಅಂತ ಮೊಂಡಾಗಿ ಮೀಟಿದರೆ ಆ ಕಾಲದ ಬೇಸಿನ ಹತ್ತಿರಕ್ಕೆ ಬರುತ್ತದೆ. ಆಮೇಲೆ ರಿದಂ. ರಿವರ್ಬನ್ನು ಲೀಡಿಗೆ ಮಾತ್ರ ಇಟ್ಟುಕೊಂಡು ಹಿಂದಿನವರನ್ನೆಲ್ಲ ಒಣಗಲು ಬಿಡಬೇಕು. ಎಲ್ಲರನ್ನೂ ಒದ್ದೆ ಮಾಡಿದರೆ ಯಾರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ.

ಇಲ್ಲಿ ನಡೆದದ್ದೇ ಸ್ವಾರಸ್ಯ. ರಿದಂ ಗಿಟಾರ್ ನುಡಿಸುವಾಗ ಭಾವನವರಿಗೆ ಆ ಹಾಡಿನಲ್ಲಿ ಲೀಡಿನವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂದು ಮೊದಲ ಸಲ ಗೊತ್ತಾಯಿತು. ಬೇಸ್ ನುಡಿಸುವಾಗ ಕಾರ್ಡ್ ಬದಲಾಗುವ ಗಳಿಗೆ ಕೈಗೆ ಹತ್ತಿತು. ಡ್ರಮ್ಮಿನ ಚುಕ್ಕಿ ಇಡುವಾಗ ಬಾಯಲ್ಲಿ ಡುಂ ಟಟ ಅನ್ನುತ್ತಾ ತಾಳ ಮೈಗೆ ಇಳಿದಿತ್ತು. ಟ್ರ್ಯಾಕ್ ಮುಗಿಸಿ ಲೀಡ್ ನುಡಿಸಲು ಕೂತಾಗ ತಪ್ಪು ಸ್ವರ ಧಾರಾಳವಾಗಿ ಬಿದ್ದವು, ಒಂದು ಸಲವೂ ತಾಳ ತಪ್ಪಲಿಲ್ಲ. ಊರವರ ಟ್ರ್ಯಾಕುಗಳ ಮೇಲೆ ಅಷ್ಟು ಕಾಲ ಒದ್ದಾಡಿದಾಗ ಬಾರದ್ದು, ಒರಟು ಡ್ರಮ್ಮಿನ ಸ್ವಂತ ಟ್ರ್ಯಾಕ್ ಮೇಲೆ ಬಂತು. ಹುಡುಕಿದ ಟ್ರ್ಯಾಕಿಗೂ ಮಾಡಿದ ಟ್ರ್ಯಾಕಿಗೂ ಇರುವ ವ್ಯತ್ಯಾಸ ಇಷ್ಟೇ, ಇದೇ ಎಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಭಾವನವರನ್ನು ಹೊಗಳಿ ಮುಗಿಸುತ್ತಿದ್ದೆ. ಮರುದಿನ ಅವರಿಗೆ ಸ್ನೇರ್ ಡ್ರಮ್ಮಿನ ದನಿ ಹಿಡಿಸಲಿಲ್ಲ. ಬದಲಿಸಿದರು. ಬೇಸ್ ತೆಳ್ಳಗೆ ಕೇಳಿಸಿತು, ಮತ್ತೆ ನುಡಿಸಿದರು. ಈಗ ಅವರ ಕಂಪ್ಯೂಟರಿನಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಅಂತ ಕಡತಗಳಿವೆ. ಗಿಟಾರಿನ ಮೇಲೆ ಮತ್ತೆ ಧೂಳು ಕೂತಿದೆ. ಮೊನ್ನೆ ಫೋನ್ ಮಾಡಿ, “1963ರ ರಿವರ್ಬ್ ಪೆಟ್ಟಿಗೆ ಒಂದು ಮಾರಾಟಕ್ಕೆ ಬಂದಿದೆ ಕಣಯ್ಯ, ನಿಮ್ಮಕ್ಕನಿಗೆ ಹೇಗೆ ಹೇಳಲಿ?” ಅಂತ ಕೇಳಿದರು.

ಆದ್ದರಿಂದ ಸರ್ಫ್ ಗಿಟಾರ್ ಕಲಿಯುತ್ತಿರುವ ಮಹನೀಯರಲ್ಲಿ ಎರಡು ಕೋರಿಕೆ. ಟ್ರ್ಯಾಕ್ ನೀವೇ ಮಾಡಿ. ಒಂದೇ ಸಂಜೆಯಲ್ಲಿ ಮುಗಿಸಿ, ನಾಲ್ಕು ಎಣಿಕೆ ಮುಂದಿಟ್ಟು ಹೆಸರು ಕೊಟ್ಟು ಉಳಿಸಿ, ಮತ್ತೆ ತಿದ್ದಲು ಹೋಗಬೇಡಿ. ನಿಮ್ಮ ಬಳಿ ಈಗಾಗಲೇ ಬಹಳ ಒಳ್ಳೆಯ ಟ್ರ್ಯಾಕುಗಳಿದ್ದರೆ ಯಾರಿಗೆ ಬೇಕಾದರೂ ಕೊಡಿ, ದಯವಿಟ್ಟು ನಮ್ಮ ಭಾವನವರಿಗೆ ಮಾತ್ರ ಕಳಿಸಬೇಡಿ.